ನಿಂಬೆವ್ವನ ಉಸ್ತಾದ

ಆಳಂದ
೧೪ ಜೂನ್ ೧೯೮೭

ಜೇವರ್ಗಿಯ ಕಲ್ಯಾಣಪ್ಪ ಮಿಸ್ತ್ರಿಯವರಿಗೆ,

ಮಾನ್ಯರೆ,

ಇದು ಮಗಳು ತಂದೆಗೆ ಬರೆದ ಪತ್ರವೆಂದು ತಿಳಿಯಬೇಡಿ. ನಾನು ಈಗ ಆಳಂದದ ಬೋರಿಂಗ್ ಕಲಿಕೆ ಕೂಟದ ಕಾರ್ಯದರ್ಶಿ. ಕೂಟಕ್ಕೆ ಹಣ ಕೊಡುವ ಗುಲ್ಬರ್ಗಾದ ಕಚೇರಿಯಿಂದ ಬಂದ ಹೆಸರುಗಳಲ್ಲಿ ನಿಮ್ಮದೂ ಇತ್ತು. ಅದನ್ನು ಸೇರಿಸಿದವಳು ನಾನಲ್ಲ, ತೆಗೆದುಹಾಕುವ ಅಧಿಕಾರವೂ ನನಗಿಲ್ಲ.

ಕೂಟದ ಕೆಲಸ ಇಷ್ಟು. ನಮ್ಮ ಹಳ್ಳಿಗಳಲ್ಲಿ ಬೋರಿಂಗಿನ ಕೈಪಂಪು ಕೆಟ್ಟರೆ ತಾಲೂಕಿನ ಜೀಪು ಬರುವವರೆಗೆ ಹೆಂಗಸರು ಕೊಡ ಹೊತ್ತು ಹೊಳೆಗೆ, ಬಾವಿಗೆ ಅಲೆಯುತ್ತಾರೆ. ಆದ್ದರಿಂದ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಪಳಗಿದ ಮಿಸ್ತ್ರಿಗಳು ಒಬ್ಬೊಬ್ಬ ಹಳ್ಳಿಯ ಹುಡುಗನನ್ನೋ ಹುಡುಗಿಯನ್ನೋ ವರ್ಷದ ಮಟ್ಟಿಗೆ ಜೊತೆಗಿಟ್ಟುಕೊಂಡು ಕೈಪಂಪಿನ ರಿಪೇರಿ ಕಲಿಸಬೇಕು. ಕಲಿಸುವವರನ್ನು ಉಸ್ತಾದರೆಂದೂ ಕಲಿಯುವವರನ್ನು ಶಾಗಿರ್ದರೆಂದೂ ಕರೆಯುತ್ತೇವೆ. ನಿಮ್ಮ ಅಂಗಡಿಗೆ ಈ ಮಾತು ಹೊಸದೇನಲ್ಲ.

ಈ ಪಂಪಿನ ನಕ್ಷೆ ಯಾರ ಸ್ವತ್ತೂ ಅಲ್ಲ. ಯಾವ ಕಾರಖಾನೆಯವರಾದರೂ ನೋಡಿ ಮಾಡಿಕೊಳ್ಳಬಹುದು, ಸುಧಾರಿಸಲೂಬಹುದು. ಹಾಗೆಯೇ ಒಬ್ಬ ಉಸ್ತಾದರಿಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಾಗಬೇಕು ಎಂಬುದು ಕೂಟದ ನಿಯಮ. ಪ್ರತಿ ಜೋಡಿಯೂ ತಾನು ಕಂಡುಕೊಂಡದ್ದನ್ನು ಹಾಳೆಯ ಮೇಲೆ ಬರೆದು ಕಳಿಸಬೇಕು. ನಾವು ಸೈಕ್ಲೋಸ್ಟೈಲ್ ಮಾಡಿ ಉಳಿದವರಿಗೆ ಹಂಚುತ್ತೇವೆ. ತಪ್ಪಿದ್ದರೆ ಅವರು ತಿದ್ದುತ್ತಾರೆ.

ಕಷ್ಟವಿರುವುದು ಜೋಡಿಗಳನ್ನು ಉಳಿಸಿಕೊಳ್ಳುವುದರಲ್ಲಿ. ಹೋದ ವರ್ಷ ಅರ್ಧಕ್ಕರ್ಧ ಜೋಡಿಗಳು ದೀಪಾವಳಿಗೆ ಮೊದಲೇ ಮುರಿದುಬಿದ್ದವು. ಉಸ್ತಾದರಿಗೆ ಬೇಸರ ಬಂತು, ಶಾಗಿರ್ದರು ಕಬ್ಬು ಕಡಿಯಲು ಹೋದರು. ಈ ವರ್ಷವೂ ಹಾಗಾದರೆ ಗುಲ್ಬರ್ಗಾದವರು ಕೂಟ ಮುಚ್ಚುತ್ತಾರೆ.

ಒಪ್ಪಿಗೆಯಿದ್ದರೆ ಎರಡು ಸಾಲು ಬರೆಯಿರಿ. ಇಲ್ಲದಿದ್ದರೆ ಬರೆಯುವ ಅಗತ್ಯವಿಲ್ಲ.

ಕೂಟದ ಪರವಾಗಿ,
ಶಾರದಾಬಾಯಿ ಹಣಮಂತರಾಯ


ಜೇವರ್ಗಿ
೨೮ ಜುಲೈ ೧೯೮೭

ಶಾರದಾಗೆ,

ಹೆತ್ತ ಅಪ್ಪನಿಗೆ ಮಾನ್ಯರೆ ಎಂದು ಬರೆಯುವುದನ್ನು ಆಳಂದದಲ್ಲಿ ಕಲಿಸುತ್ತಾರೇನು? ಇರಲಿ. ನಾನು ಒಪ್ಪಿ ಬರೆದ ಮೇಲೆ ನೀನು ಕಳಿಸಿದ ಇಬ್ಬರನ್ನೂ ಓಡಿಸಿದ್ದೇನೆ. ಮೊದಲನೆಯವನಿಗೆ ನಟ್ಟು ಬಿಚ್ಚುವ ಪಾನಾ ಯಾವುದು, ಸುತ್ತಿಗೆ ಯಾವುದು ತಿಳಿಯದು. ಕಪಾಳಕ್ಕೆ ಕೊಟ್ಟೆ, ಅವನ ಅಪ್ಪ ಬಂದು ಕರೆದುಕೊಂಡು ಹೋದ. ಎರಡನೆಯವನು ಬುದ್ಧಿವಂತ. ಪೈಪಿನ ನೂಲು ಹತ್ತಿಸುವುದನ್ನು ಒಂದೇ ದಿನದಲ್ಲಿ ಕಲಿತ. ಆದರೆ ಮರುದಿನವೇ ರಸ್ತೆ ದಾಟಿ ಉಸ್ಮಾನಸಾಬನ ಅಂಗಡಿಯ ಮುಂದೆ ಚಹಾ ಕುಡಿಯುತ್ತ ನಿಂತಿದ್ದ. ನನ್ನ ಅಂಗಡಿಯ ಗಾಳಿ ಆ ಕಡೆ ಹೋಗುವುದು ನನಗೆ ಬೇಡ.

ಹಾಳೆ ಗೀಳೆ ನಾನು ಬರೆಯುವುದಿಲ್ಲ. ನಾನು ವಾಶರ್ ಹಾಕಿದ ಬೋರಿಂಗನ್ನು ಮೂರು ಬೇಸಿಗೆ ಬಿಚ್ಚಬೇಕಾಗಿಲ್ಲ. ಉಸ್ಮಾನಸಾಬ ಹಾಕಿದ್ದು ಒಂದು ಬೇಸಿಗೆಗೆ ಹರಿದು ನೀರು ಬಿಡುತ್ತದೆ. ಅವನು ಇಷ್ಟು ವರ್ಷ ಎದುರಿಗೇ ಕುಳಿತು ಮೂಸಿದರೂ ಅದರ ಗುಟ್ಟು ಸಿಕ್ಕಿಲ್ಲ. ನೀನು ಕೇಳಿದೆ ಎಂದು ಹಾಳೆಯ ಮೇಲೆ ಬರೆದು ಅವನ ಮಡಿಲಿಗೆ ಹಾಕಬೇಕೇನು?

ಕಲಿಯುವ ಹುಡುಗನಿದ್ದರೆ ಕಳಿಸು. ಇಲ್ಲದಿದ್ದರೆ ಬಿಡು.

ಕಲ್ಯಾಣಪ್ಪ


ಆಳಂದ
೯ ಆಗಸ್ಟ್ ೧೯೮೭

ಕಲ್ಯಾಣಪ್ಪ ಮಿಸ್ತ್ರಿಯವರಿಗೆ,

ಮುಂದಿನ ಸೋಮವಾರ ನಿಂಬೆವ್ವ ಎಂಬ ಹುಡುಗಿ ಬರುತ್ತಾಳೆ. ಅಫಜಲಪುರ ತಾಲೂಕಿನ ಗೊಬ್ಬೂರಿನವಳು. ಏಳನೆಯ ಇಯತ್ತೆ ಓದಿದ್ದಾಳೆ. ಗಂಡ ಖಂಡಪ್ಪ ಬೇರೊಬ್ಬಳನ್ನು ಮನೆಗೆ ತಂದ ಮೇಲೆ ಇವಳು ಜೇವರ್ಗಿಯಲ್ಲಿ ತನ್ನ ಚಿಕ್ಕವ್ವ ಸಕ್ಕುಬಾಯಿಯ ಆಸರೆಯಲ್ಲಿದ್ದಾಳೆ. ಕಬ್ಬು ಕಡಿಯಲು ಓಡುವವಳಲ್ಲ, ಓಡಿಹೋಗಲು ಅವಳಿಗೆ ಬೇರೆ ಮನೆ ಇಲ್ಲ. ಅದಕ್ಕೇ ಆರಿಸಿದೆ.

ಹೆಣ್ಣೆಂದು ವಾಪಸು ಕಳಿಸಿದರೆ ನಿಮ್ಮ ಹೆಸರು ತೆಗೆದು ಜೇವರ್ಗಿಯ ಉಸ್ತಾದರನ್ನಾಗಿ ಉಸ್ಮಾನಸಾಬರನ್ನು ಮಾಡುತ್ತೇವೆ. ಅವರು ತಾವಾಗಿ ಕೇಳಿದ್ದಾರೆ. ಗಾಣಗಾಪುರದಲ್ಲಿ ನಡೆಯುವ ವಾರ್ಷಿಕ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಅವರು ಕೂತಿರುವುದನ್ನು ನೋಡಲು ನಿಮಗೆ ಆಗುವುದಾದರೆ ಬೇಡವೆನ್ನಿ.

ಶಾರದಾಬಾಯಿ ಹಣಮಂತರಾಯ
ಕಾರ್ಯದರ್ಶಿ


ಜೇವರ್ಗಿ
೨೦ ಸೆಪ್ಟೆಂಬರ್ ೧೯೮೭

ಶಾರದಾಬಾಯಿ ಅಕ್ಕೋರಿಗೆ ನಿಂಬೆವ್ವನ ಶರಣು.

ಅಕ್ಕೋರೆ, ನನ್ನ ಹೆಸರು ತೆಗೆದುಬಿಡಿ. ನಾನು ಕೂಲಿಗೆ ಹೋಗುತ್ತೇನೆ. ತಿಂಗಳಾಯಿತು, ಮಿಸ್ತ್ರಿಯವರು ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಕಸ ಹೊಡೆಯುವುದು, ಡಬ್ಬಿಯಲ್ಲಿನ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಇಷ್ಟೇ. ಬೋರಿಂಗು ಬಿಚ್ಚುವಲ್ಲಿ ಹೋದರೆ ಹಿಂದೆ ನಿಲ್ಲಿಸುತ್ತಾರೆ. ಮೊನ್ನೆ ನಾನು, "ಈ ಸರಪಳಿ ಯಾಕ್ರಿ ಸವೀತದ?" ಎಂದು ಕೇಳಿದೆ. ಕೈಯಲ್ಲಿದ್ದ ಪಾನಾ ಎಸೆದರು. ಮೊಣಕಾಲಿಗೆ ಬಡಿಯಿತು. ನಾನು ಅತ್ತೆ.

"ಅಳಾಕ ಬಂದೀಯೇನ್ ಬೇ, ಕಲ್ಯಾಕ ಬಂದೀಯೇನ್?" ಎಂದರು. "ಅಳೂದಿದ್ರ ಗಂಡನ ಮನ್ಯಾಗ ಅಳಬೇಕಿತ್ತು."

ಸುತ್ತ ಊರಿನ ಗಂಡಸರಿದ್ದರು. ಎಲ್ಲರೂ ನಕ್ಕರು. ಗಂಡ ಹೊಡೆದಾಗಲೂ ನನಗೆ ಇಷ್ಟು ಅವಮಾನವಾಗಿರಲಿಲ್ಲ, ಅಲ್ಲಿ ನೋಡುವವರು ಇರಲಿಲ್ಲ. ಚಿಕ್ಕವ್ವ, "ಹೋಗಬ್ಯಾಡ ಇನ್ನ" ಎನ್ನುತ್ತಾಳೆ. ನೀವು ಏನು ಹೇಳುತ್ತೀರಿ ನೋಡಿ ನಿಲ್ಲಿಸುತ್ತೇನೆ.

ನಿಮ್ಮ
ನಿಂಬೆವ್ವ


ಆಳಂದ
೨೬ ಸೆಪ್ಟೆಂಬರ್ ೧೯೮೭

ನಿಂಬೆವ್ವಾ,

ಬಿಡಬೇಡ. ನಾನು ಹೇಳಿದಂತೆ ಮಾಡು.

ಅವರು ಪಾನಾ ಎಸೆದರೆ ಎತ್ತಿಕೋ, ಸೆರಗಿನಿಂದ ಒರೆಸು, ಮತ್ತೆ ಅವರ ಕೈಗೇ ಕೊಡು. ಮುಖ ನೋಡಬೇಡ. ಒಮ್ಮೆ ಹಾಗೆ ಕೊಟ್ಟದ್ದನ್ನು ಅವರು ಮತ್ತೆ ಎಸೆಯಲಾರರು. ಬಾಯಿಂದ ಏನನ್ನೂ ಕೇಳಬೇಡ. ಕೇಳಿದರೆ ಹೇಳುವುದಿಲ್ಲ. ಅದರ ಬದಲು ತಪ್ಪು ಮಾಡು. ಸರಪಳಿಯನ್ನು ಬೇಕೆಂದೇ ಸೊಟ್ಟ ಹಾಕು. ತಪ್ಪು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ, ಬಯ್ಯುತ್ತ ಬಯ್ಯುತ್ತ ಪೂರ್ತಿ ಮಾಡಿ ತೋರಿಸುತ್ತಾರೆ. ಬಯ್ಗುಳ ಬಿಟ್ಟು ಉಳಿದದ್ದನ್ನು ನೆನಪಿಟ್ಟುಕೋ.

ಮಧ್ಯಾಹ್ನ ರೊಟ್ಟಿಗೆ ಕೂತಾಗ ಶೇಂಗಾ ಹಿಂಡಿ ಇರಲಿ, ಬೆಳ್ಳುಳ್ಳಿ ಹೆಚ್ಚಿರಲಿ. ಉಣ್ಣುವಾಗ ಹಳೆಯ ಇಂಜಿನ್ನುಗಳ ಮಾತು ತೆಗೆದರೆ ಹೂಂ ಎನ್ನು, ಅಷ್ಟೇ ಸಾಕು. ಉಸ್ಮಾನಸಾಬರ ಅಂಗಡಿಯ ಕಡೆ ತಿರುಗಿ ಕೂಡ ನೋಡಬೇಡ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ನೀನು ಕೇಳಬಹುದು. ಅವರು ನನ್ನ ತಂದೆ. ಈ ವಿಷಯ ಅಂಗಡಿಯಲ್ಲಿ ಎತ್ತಬೇಡ.

ಶಾರದಾಬಾಯಿ


ಜೇವರ್ಗಿ
೧೫ ನವೆಂಬರ್ ೧೯೮೭

ಅಕ್ಕೋರಿಗೆ ನಿಂಬೆವ್ವನ ಶರಣು.

ನೀವು ಹೇಳಿದ ಹಾಗೆಯೇ ಆಯಿತು! ಪಾನಾ ಒರೆಸಿ ಕೊಟ್ಟ ದಿನ ಮಿಸ್ತ್ರಿಯವರು ಅದನ್ನು ತಿರುವಿ ತಿರುವಿ ನೋಡಿದರು. ಆಮೇಲೆ, "ನಿನಗಿದನ್ನ ಯಾರ್ ಹೇಳಿಕೊಟ್ರು?" ಎಂದರು. ನಾನು ಬೋಲ್ಟಿನ ಡಬ್ಬಿ ಎಳೆದುಕೊಂಡು ತೊಳೆಯಲು ಕೂತೆ.

ಈಗ ಹೆಸರು ಹಿಡಿದು ಕರೆಯುತ್ತಾರೆ. ಹೋದ ವಾರ ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ ಪೈಪುಗಳನ್ನು ಎತ್ತಿ, ತಳದ ಸಿಲಿಂಡರ್ ಬಿಚ್ಚಿ, ವಾಶರ್ ಬದಲಿಸಿ ತಿರುಗಿ ಇಳಿಸಿದ್ದು ಪೂರ್ತಿ ನಾನೇ. ಅವರು ಬೇವಿನ ಗಿಡದ ಬುಡಕ್ಕೆ ಕೂತು ಬೀಡಿ ಸೇದುತ್ತಿದ್ದರು. ನೀರು ಬಂದಾಗ ಹೆಂಗಸರು ಕೊಡ ಬಿಟ್ಟು ನನ್ನನ್ನೇ ನೋಡಿದರು. ಒಬ್ಬ ಮುದುಕಿ ನನ್ನ ಗಲ್ಲ ಸವರಿ, "ಯಾರ ಮಗಳವ್ವಾ ನೀ?" ಎಂದಳು. ನಾನು ಹೇಳುವ ಮೊದಲೇ ಮಿಸ್ತ್ರಿಯವರು, "ನನ್ನ ಶಾಗಿರ್ದ ಅದ ಆಯಿ ಇದು" ಎಂದರು. ಅಕ್ಕೋರೆ, ಆ ಹೊತ್ತು ನನಗೆ ಹಸಿವೂ ಇರಲಿಲ್ಲ, ನೀರಡಿಕೆಯೂ ಇರಲಿಲ್ಲ.

ಇನ್ನೊಂದು ಮಾತು. ಮೊನ್ನೆ ಅಂಗಡಿಯ ಬಾಗಿಲು ಮುಚ್ಚಿಕೊಂಡು ವಾಶರ್ ಹದ ಮಾಡುವುದನ್ನು ತೋರಿಸಿಕೊಟ್ಟರು. "ಇದು ನನ್ನ ಕೂಡ ಮಣ್ಣಿಗೆ ಹೋಗೂದಿತ್ತು. ನಿನಗ ಹೇಳೇನಿ" ಎಂದರು. ಗಾಣಗಾಪುರದ ದತ್ತಪ್ಪನ ಆಣೆ ಮಾಡಿಸಿಕೊಂಡರು, ಯಾರಿಗೂ ಹೇಳುವುದಿಲ್ಲ ಎಂದು. ಏನೆಂದು ನಿಮಗೂ ಬರೆಯುವುದಿಲ್ಲ, ಸಿಟ್ಟಾಗಬೇಡಿ. ಸಂತೋಷ ತಡೆಯದೆ ಇಷ್ಟು ಬರೆದೆ.

ನಿಮ್ಮ
ನಿಂಬೆವ್ವ


ಜೇವರ್ಗಿ
೬ ಡಿಸೆಂಬರ್ ೧೯೮೭

ಶಾರದಾಗೆ ಆಶೀರ್ವಾದ.

ಹುಡುಗಿ ಚಲೋ ಇದೆ. ನಾನು ಇಷ್ಟು ವರ್ಷದಲ್ಲಿ ಎಷ್ಟೋ ಹುಡುಗರನ್ನು ತಯಾರು ಮಾಡಿದೆ. ಕೆಲವರು ಸೊಲ್ಲಾಪುರಕ್ಕೆ ಹೋದರು, ಕೆಲವರು ನನ್ನನ್ನೇ ಬಯ್ಯುತ್ತ ಅಂಗಡಿ ಹಾಕಿದರು. ಇದರಂಥ ಕೈ ಒಂದನ್ನೂ ನೋಡಲಿಲ್ಲ. ರಾಡು ಹಿಡಿದರೆ ಸಾಕು, ಕೆಳಗೆ ಎಲ್ಲಿ ಹಿಡಿದಿದೆ ಎಂದು ತಿಳಿದುಕೊಳ್ಳುತ್ತದೆ. ಬಯ್ದರೆ ಮುಖ ಸಣ್ಣದು ಮಾಡುವುದಿಲ್ಲ. ರೊಟ್ಟಿಗೆ ಕೂತಾಗ ನನ್ನ ಮಾತು ಕೇಳುತ್ತದೆ.

ಇಂಥದೊಂದು ನನ್ನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು ಎನಿಸುತ್ತದೆ. ನಮ್ಮ ಹಣೆಬರಹದಲ್ಲಿ ಇರಲಿಲ್ಲ.

ನನಗೂ ವಯಸ್ಸಾಯಿತು. ಸಾಮಾನು, ಅಂಗಡಿ ಇದಕ್ಕೇ ಬಿಟ್ಟುಕೊಡುವ ವಿಚಾರ ಮಾಡಿದ್ದೇನೆ. ನಿನಗೆ, ನಿನ್ನ ಗಂಡನಿಗೆ ಕಬ್ಬಿಣದ ಸಾಮಾನು ಏನು ಮಾಡಲಿಕ್ಕೆ? ಆಕ್ಷೇಪಣೆ ಇರಲಾರದು ಎಂದು ತಿಳಿದು ಬರೆದಿದ್ದೇನೆ.

ನಿನ್ನ ಕೂಟ ಚಲೋ ನಡೆಯಲಿ.

ಕಲ್ಯಾಣಪ್ಪ


ಆಳಂದ
೧೩ ಡಿಸೆಂಬರ್ ೧೯೮೭

ಅಪ್ಪಾ,

ಇದು ಕೂಟದ ಪತ್ರವಲ್ಲ.

ಅವ್ವ ಸತ್ತ ವರ್ಷ ನನಗೆ ಹನ್ನೆರಡು. ಬೆಳಗಾಗೆದ್ದು ನಿಮ್ಮ ಶಾಗಿರ್ದರಿಗೆಲ್ಲ ರೊಟ್ಟಿ ಬಡಿಯುತ್ತಿದ್ದೆ. ಅಡಿಗೆಮನೆಗೂ ಅಂಗಡಿಗೂ ನಡುವೆ ಇದ್ದ ಹೊಸ್ತಿಲಲ್ಲಿ ಕೂತು ನೀವು ಆ ಹುಡುಗರಿಗೆ ಹೇಳಿಕೊಟ್ಟದ್ದನ್ನೆಲ್ಲ ಕೇಳಿಸಿಕೊಂಡೆ. ನೀವು ಶಹಾಪುರಕ್ಕೆ ಹೋದ ದಿನ ಮಟಕಿಯ ಗೌಡರ ಇಂಜಿನ್ ಬಂತು. ಹುಡುಗರಿಗೆ ಆಗಲಿಲ್ಲ. ನಾನು ಬಿಚ್ಚಿ, ತೊಳೆದು, ಜೋಡಿಸಿ, ಶುರು ಮಾಡಿದೆ. ನೀವು ಬಂದಾಗ ಅದು ಅಂಗಳದಲ್ಲಿ ಓಡುತ್ತಿತ್ತು. ನೀವು ಬಂದ್ ಮಾಡಿದಿರಿ. ಗೌಡರ ಆಳಿನ ಎದುರಿಗೆ ಒಂದೊಂದೇ ನಟ್ಟು ಬಿಚ್ಚಿ ಚಾದರದ ಮೇಲೆ ಹರವಿದಿರಿ. "ಹೆಣ್ಣ ಕೈ ಹತ್ತಿದ ಮಷೀನು ಹೊಲಕ್ಕ ಹೋಗೂದಿಲ್ಲ" ಎಂದಿರಿ. ಮತ್ತೆ ಜೋಡಿಸಿ ಕಳಿಸಿದಿರಿ. ಮುಂದಿನ ಬೇಸಿಗೆಯಲ್ಲೇ ನನ್ನನ್ನು ಆಳಂದಕ್ಕೆ ಕೊಟ್ಟಿರಿ.

ನನ್ನ ಮಗು ಹೋದಾಗ ನೀವು ಬರಲಿಲ್ಲ. ಕಾರ್ಡು ಬಂತು. ಮೇಲಿನ ಅರ್ಧದಲ್ಲಿ ದೇವರ ಇಚ್ಛೆ ಎಂದು ಬರೆದಿದ್ದಿರಿ. ಕೆಳಗಿನ ಅರ್ಧದಲ್ಲಿ, ಸೊಲ್ಲಾಪುರದಲ್ಲಿ ಇಂಜಿನ್ನಿನ ಗಾಲಿಗೆ ಹಾಕುವ ಪಟ್ಟಾ ಸಿಗುತ್ತದೆಯೇ ಅಳಿಯಂದಿರು ವಿಚಾರಿಸಲಿ ಎಂದಿತ್ತು. ಅವರು ಪಾಪ, ವಿಚಾರಿಸಿದರು.

ನಿಮ್ಮ ಹೊಟ್ಟೆಯಲ್ಲಿ ಎಂಥದು ಹುಟ್ಟಿತ್ತು ಎಂದು ನೀವು ಯಾವಾಗ ನೋಡಿದಿರಿ? ನಾನು ಜೋಡಿಸಿದ್ದರಲ್ಲಿ ಏನು ತಪ್ಪಿತ್ತು? ಅಷ್ಟೊಂದು ಹೇಳಿ.

ಶಾರದಾ


ಜೇವರ್ಗಿ
೨೭ ಡಿಸೆಂಬರ್ ೧೯೮೭

ಶಾರದಾ,

ಏನೂ ತಪ್ಪಿರಲಿಲ್ಲ. ಸರಿಯಾಗಿಯೇ ಜೋಡಿಸಿದ್ದೆ. ದೂರದಿಂದ ಸಪ್ಪಳ ಕೇಳಿಯೇ ನನಗೆ ಗೊತ್ತಾಗಿತ್ತು. ಅದಕ್ಕೇ ಬಿಚ್ಚಿದೆ.

ನೀನು ಅಂಗಡಿಗೆ ಬಂದು ಕೂತಿದ್ದರೆ ಅಡಿಗೆ ಯಾರು ಮಾಡಬೇಕಿತ್ತು? ಮನೆ ತುಂಬ ಉಣ್ಣುವ ಹುಡುಗರಿದ್ದರು. ನಿನ್ನ ಲಗ್ನ ಮಾಡಬೇಕಿತ್ತು. ಕೈಗೆ ಎಣ್ಣೆ ಮೆತ್ತಿದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಿದ್ದರು? ಈ ನಿಂಬೆವ್ವನನ್ನು ಗಂಡ ಬಿಟ್ಟಿದ್ದಾನೆ, ಇದರ ಮುಂದೆ ಆ ಪ್ರಶ್ನೆ ಇಲ್ಲ.

ಕೇಳಿದೆ, ಹೇಳಿದ್ದೇನೆ. ಇನ್ನು ಹಳೆಯದನ್ನು ಕೆದಕಿ ಬರೆಯಬೇಡ. ನನಗೆ ಕೆಲಸವಿದೆ.

ಕಲ್ಯಾಣಪ್ಪ


ಆಳಂದ
೧೮ ಜನವರಿ ೧೯೮೮

ನಿಂಬೆವ್ವಾ,

ಸಂಕ್ರಾಂತಿ ಮುಗಿಯಿತು. ನಿಮ್ಮ ಜೋಡಿಯಿಂದ ಇದುವರೆಗೆ ಒಂದೂ ಹಾಳೆ ಬಂದಿಲ್ಲ. ಉಳಿದ ಜೋಡಿಗಳೆಲ್ಲ ಕಳಿಸಿವೆ. ಹಾಳೆ ಕಳಿಸದ ಜೋಡಿಯನ್ನು ಮುರಿದ ಜೋಡಿ ಎಂದೇ ಲೆಕ್ಕ ಹಿಡಿಯುತ್ತೇವೆ, ಅದು ನಿನಗೂ ಗೊತ್ತು.

ಮುರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ. ಪ್ರಮಾಣಪತ್ರ ಸಿಗುವುದಿಲ್ಲ. ಪ್ರಮಾಣಪತ್ರವಿಲ್ಲದವಳಿಗೆ ಯಾವ ಪಂಚಾಯಿತಿಯವರೂ ಬೋರಿಂಗು ಮುಟ್ಟಲು ಕೊಡುವುದಿಲ್ಲ. ಆಗ ಮಿಸ್ತ್ರಿಯವರ ಅಂಗಡಿಯಲ್ಲಿ ನಿನ್ನ ಜಾಗ ಕಸಬರಿಗೆಯ ಹತ್ತಿರವೇ. ಅವರು ಅಂಗಡಿ ಬಿಟ್ಟುಕೊಡುತ್ತೇನೆ ಎಂದಿರಬಹುದು. ಹಾಗೆ ಎಷ್ಟೋ ಹುಡುಗರಿಗೆ ಅಂದಿದ್ದಾರೆ.

ವಾಶರಿನ ವಿಷಯ ಬರೆದು ಕಳಿಸು. ಬೇರೆ ಯಾವುದೂ ಬೇಡ. ಗೊಬ್ಬೂರಿನಲ್ಲಿ ನಿಮ್ಮವ್ವ ಬೋರಿಂಗು ಕೆಟ್ಟು ಹೊಳೆಯವರೆಗೆ ನಡೆಯುತ್ತಾಳೆ ಎಂದು ನೀನೇ ಹೇಳಿದ್ದೆ. ಒಬ್ಬ ಮುದುಕನ ಜಂಬ ಕಾಯುವುದಕ್ಕೆ ಅವಳು ಇನ್ನೂ ಎಷ್ಟು ವರ್ಷ ನಡೆಯಬೇಕು? ನೀರಿನ ವಿಷಯದಲ್ಲಿ ಮಾಡಿದ ಆಣೆ ದೇವರು ಹಿಡಿಯುವುದಿಲ್ಲ.

ಯಾರು ಬರೆದರೆಂದು ಹೊರಗೆ ಬರದಂತೆ ನಾನು ನೋಡಿಕೊಳ್ಳುತ್ತೇನೆ.

ಶಾರದಾಬಾಯಿ


ಜೇವರ್ಗಿ
೩೧ ಜನವರಿ ೧೯೮೮

ಅಕ್ಕೋರೆ,

ಹಾಳೆ ಇದರ ಜೊತೆಗಿದೆ. ನಿಮ್ಮ ಪತ್ರ ಬಂದಾಗಿನಿಂದ ಊಟ ಸೇರಿಲ್ಲ. ಚಿಕ್ಕವ್ವನಿಗೆ ಹೇಳಿದೆ. "ಪ್ರಮಾಣಪತ್ರ ಇಲ್ಲಂದ್ರ ನನ್ನ ಮನ್ಯಾಗ ಎಷ್ಟ ದಿನ ಅಂತ ಕೂಡ್ತಿ?" ಎಂದಳು. ಅವಳದೂ ತಪ್ಪಲ್ಲ, ಅವಳ ಗಂಡ ದಿನಾ ಅಂತಾನೆ.

ನನ್ನ ಹೆಸರು ಹಾಕಬೇಡಿ. ಜೇವರ್ಗಿಗೆ ಈ ಹಾಳೆ ಕಳಿಸಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ. ನೀವು ಅವರ ಮಗಳು ಎಂಬ ಧೈರ್ಯದ ಮೇಲೆ ಕೊಟ್ಟಿದ್ದೇನೆ. ಅವರಿಗೆ ನೋವಾಗುವಂಥದನ್ನು ನೀವು ಮಾಡಲಾರಿರಿ.

ನಿನ್ನೆ ಮಿಸ್ತ್ರಿಯವರು ತಮ್ಮ ಹಳೆಯ ಪಾನಾಗಳಲ್ಲಿ ಒಂದನ್ನು ನನ್ನ ಕೈಗೆ ಸರಿಹೋಗುವಂತೆ ತೇಯ್ದು ಕೊಟ್ಟರು. ತಲೆ ಎತ್ತಿ ಅವರ ಮುಖ ನೋಡಲಿಕ್ಕೆ ಆಗಲಿಲ್ಲ.

ನಿಂಬೆವ್ವ


ಆಳಂದ
೧೦ ಫೆಬ್ರುವರಿ ೧೯೮೮

ಕೂಟದ ಎಲ್ಲ ಉಸ್ತಾದರಿಗೆ, ಶಾಗಿರ್ದರಿಗೆ,

ಕಲಿಸುವವರಿಗೂ ಕಲಿಯುವವರಿಗೂ ನಡುವೆ ಆಸಕ್ತಿ ಉಳಿಯುವುದು ಹೇಗೆ ಎಂದು ಅನೇಕರು ಕೇಳಿದ್ದಿರಿ. ಒಬ್ಬರು ಕೈಬಿಚ್ಚಿ ಕೊಟ್ಟರೆ ಮಾತ್ರ ಉಳಿಯುತ್ತದೆ ಎಂಬುದಕ್ಕೆ ಈ ಸಲದ ಹಾಳೆಯೇ ಸಾಕ್ಷಿ. ಚರ್ಮದ ವಾಶರನ್ನು ಬೆಚ್ಚಗಿನ ಔಡಲೆಣ್ಣೆ ಮತ್ತು ಜೇನುಮೇಣದಲ್ಲಿ ನೆನೆಸಿ, ಕಟ್ಟಿಗೆಯ ಅಚ್ಚಿನಲ್ಲಿ ಬಿಗಿದು, ನೆರಳಿನಲ್ಲಿ ಆರಿಸುವ ಕ್ರಮವನ್ನು ಚಿತ್ರಸಹಿತ ಕೊಟ್ಟಿದೆ. ಮಾಡಿ ನೋಡಿ, ಹೆಚ್ಚುಕಡಿಮೆ ಕಂಡರೆ ತಿದ್ದಿ ಬರೆಯಿರಿ.

ಈ ಹಾಳೆ ಬರೆದವರು: ಗೊಬ್ಬೂರಿನ ನಿಂಬೆವ್ವ. ಕಲಿಸಿದ ಉಸ್ತಾದರು: ಜೇವರ್ಗಿಯ ಕಲ್ಯಾಣಪ್ಪ ಮಿಸ್ತ್ರಿ.

ಕೂಟದ ಹೊರಗಿನವರಾದರೂ ಆಸಕ್ತಿ ತೋರಿಸಿದ ಜೇವರ್ಗಿಯ ಉಸ್ಮಾನಸಾಬರಿಗೂ ಒಂದು ಪ್ರತಿ ಕಳಿಸಿದೆ.

ಶಾರದಾಬಾಯಿ ಹಣಮಂತರಾಯ
ಕಾರ್ಯದರ್ಶಿ


ಜೇವರ್ಗಿ
೩ ಮಾರ್ಚ್ ೧೯೮೮

ಶಾರದಾ,

ಹಾಳೆಯನ್ನು ಉಸ್ಮಾನಸಾಬನೇ ತಂದು ಕೊಟ್ಟ. ಅವನ ಮುಖದಲ್ಲಿ ನಗು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. "ನನಗ ಬ್ಯಾಡ್ರಿ ಮಿಸ್ತ್ರಿ ಇದು, ನೀವ ಇಟ್ಕೊಳ್ರಿ" ಎಂದ. ನನ್ನ ಮೇಲೆ ಕರುಣೆ ತೋರಿಸಿದ.

ಹುಡುಗಿಯನ್ನು ಓಡಿಸಿದ್ದೇನೆ. ಏನೂ ಬಯ್ಯಲಿಲ್ಲ. "ಹೋಗ" ಎಂದೆ, ಅಷ್ಟೇ. ಮರುದಿನ ಬಂದು ಅಂಗಡಿಯ ಮುಂದೆ ನಿಂತಿತು. ಬಿಸಿಲು ಏರಿತು, ನಿಂತೇ ಇತ್ತು. ಗಿರಾಕಿಗಳು ಬಂದು ಹೋದರು. ನಾನು ತಲೆ ಎತ್ತಲಿಲ್ಲ. ಹೊತ್ತು ಇಳಿಯುವಾಗ ಕೂತುಬಿಟ್ಟಿತು. ಉಸ್ಮಾನಸಾಬನ ಹೆಂಡತಿ ಕುಲಸುಮಬಿ ನೀರು ತಂದು ಕುಡಿಸಿ ಎಬ್ಬಿಸಿಕೊಂಡು ಹೋದಳು. ಆಮೇಲೆ ಎಲ್ಲಿ ಹೋಯಿತೋ ನನಗೆ ಬೇಕಿಲ್ಲ.

ಹಾಳೆ ಬರೆದದ್ದು ಅದರ ಕೈ. ಬರೆಸಿದ್ದು ಯಾರ ಕೈ ಎಂದು ನನಗೆ ಗೊತ್ತು. ನಿನಗೆ ನನ್ನ ಗುಣ ಬಂದಿದೆ.

ಕಲ್ಯಾಣಪ್ಪ


ಜೇವರ್ಗಿ
೧೨ ಜೂನ್ ೧೯೮೮

ಶಾರದಾ,

ಅಕ್ಷರ ಸೊಟ್ಟ ಇದ್ದರೆ ಸಂಬಾಳಿಸಿಕೊಂಡು ಓದು. ಬಲಗೈ ನಡುಗುತ್ತದೆ. ಪಾನಾ ನಿಲ್ಲುವುದಿಲ್ಲ. ನೀನು ಕಳಿಸಿದ ಹೊಸ ಹುಡುಗನನ್ನು ನಾನು ಓಡಿಸಲಿಲ್ಲ, ಅವನೇ ಬಿಟ್ಟು ಹೋದ.

ಆ ಹುಡುಗಿಗೆ ತಿರುಗಿ ಬರಲು ಹೇಳು. ನಾನು ಕರೆದೆ ಎನ್ನಬೇಡ. ಕೂಟದ ಹುಕುಂ ಎನ್ನು.

ಕಲ್ಯಾಣಪ್ಪ


ಆಳಂದ
೧೯ ಜೂನ್ ೧೯೮೮

ನಿಂಬೆವ್ವಾ,

ಮಾರ್ಚಿನಿಂದ ನಿನಗೆ ಬರೆದ ಒಂದು ಪತ್ರಕ್ಕೂ ಉತ್ತರವಿಲ್ಲ. ಸಕ್ಕುಬಾಯಿಯ ವಿಳಾಸದಿಂದ ಎಲ್ಲವೂ ವಾಪಸು ಬಂದವು. ಇದನ್ನು ಉಸ್ಮಾನಸಾಬರ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಸಿಕ್ಕರೆ ಸಿಗಲಿ.

ವಾಶರ್ ಹಾಳೆಗೆ ಎಲ್ಲ ಕಡೆಯಿಂದ ಮೆಚ್ಚುಗೆ ಬಂದಿದೆ. ಅಫಜಲಪುರ ಕಡೆಯ ಎಷ್ಟೋ ಬೋರಿಂಗುಗಳು ಈ ಬೇಸಿಗೆ ನಿಲ್ಲದೆ ನೀರು ಕೊಟ್ಟವು. ಕೂಟ ಮುಚ್ಚುವುದಿಲ್ಲ ಎಂದು ಗುಲ್ಬರ್ಗಾದವರು ಬರೆದಿದ್ದಾರೆ. ಮುಂದಿನ ತಿಂಗಳು ಗಾಣಗಾಪುರದ ಸಭೆಯಲ್ಲಿ ನಿನಗೆ ಶಾಲು ಹೊದಿಸಬೇಕೆಂದಿದ್ದೇವೆ. ಹೊಸ ವರ್ಷಕ್ಕೆ ನೀನೇ ಉಸ್ತಾದಳಾಗು. ಹೆಣ್ಣುಮಕ್ಕಳು ನಿನ್ನನ್ನು ನೋಡಿ ಉಳಿಯುತ್ತಾರೆ.

ಹೆಸರು ಹಾಕಿದ್ದಕ್ಕೆ ನಿನಗೆ ಬೇಸರವಾಗಿರಬಹುದು. ಹೆಸರಿಲ್ಲದ ಹಾಳೆಯನ್ನು ಯಾರೂ ನಂಬುವುದಿಲ್ಲ.

ಮಿಸ್ತ್ರಿಯವರಿಗೆ ಕೈ ನಡುಗುತ್ತಿದೆಯಂತೆ. ನಿನ್ನನ್ನು ಕರೆಯುತ್ತಿದ್ದಾರೆ. ಕೂಟದ ಹುಕುಂ ಎಂದು ಹೇಳು ಎಂದಿದ್ದಾರೆ, ನಾನು ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಹೋಗುವುದು ಬಿಡುವುದು ನಿನಗೆ ಸೇರಿದ್ದು.

ಶಾರದಾಬಾಯಿ


ಜೇವರ್ಗಿ
೭ ಜುಲೈ ೧೯೮೮

ಶಾರದಾಬಾಯಿಯವರಿಗೆ,

ಪತ್ರ ಮುಟ್ಟಿತು. ಸಭೆಗೆ ನಾನು ಬರುವುದಿಲ್ಲ. ಶಾಲು ಬೇಡ. ನಿಮ್ಮ ಜೋಡಿಗಳಲ್ಲಿ ನನ್ನನ್ನು ಎಣಿಸಬೇಡಿ. ಮುರಿಯಿತು ಎಂದೇ ಬರೆದುಕೊಳ್ಳಿ.

ಮಿಸ್ತ್ರಿಯವರು ಓಡಿಸಿದ ವಾರವೇ ಚಿಕ್ಕವ್ವನ ಗಂಡ ನನ್ನ ಗಂಟು ಹೊರಗಿಟ್ಟ. ಗೊಬ್ಬೂರಿಗೆ ಹೋದೆ. ಅವ್ವ ಒಳಗೆ ಕರೆಯುವ ಮೊದಲೇ ಅಣ್ಣ ಬೀರಣ್ಣ ನನ್ನನ್ನು ಖಂಡಪ್ಪನ ಮನೆಗೆ ಮುಟ್ಟಿಸಿ ಬಂದ. ಅಲ್ಲಿ ನಾನು ಎರಡು ತಿಂಗಳು ಇದ್ದೆ. ಹೇಗಿದ್ದೆ ಎಂದು ನಿಮಗೆ ಬರೆಯುವುದಿಲ್ಲ. ಅವನು ತಂದಿಟ್ಟುಕೊಂಡವಳ ಮಕ್ಕಳ ಅರಿವೆ ಒಗೆಯಲು ಊರ ಬೋರಿಂಗಿಗೆ ಹೋದರೆ ಅದು ಕೆಟ್ಟಿತ್ತು. ನನಗೆ ಬರುತ್ತದೆ, ಬಿಚ್ಚುತ್ತೇನೆ ಎಂದೆ. ಖಂಡಪ್ಪ ಎಲ್ಲರೆದುರಿಗೆ ಕೂದಲು ಹಿಡಿದು ಎಳೆದುಕೊಂಡು ಬಂದ. ಮರುದಿನ ಮೊದಲನೆಯ ಬಸ್ಸಿಗೆ ಜೇವರ್ಗಿಗೆ ಬಂದೆ. ಕುಲಸುಮಬಿ ಚಾಚಿ ಬಾಗಿಲು ತೆರೆದು, "ಅಂದರ್ ಬಾ ಬೇಟಿ, ಮೊದಲ ಉಣ್ಣ" ಎಂದಳು. ಯಾಕೆ ಬಂದೆ ಎಂದು ಇಂದಿನವರೆಗೂ ಕೇಳಿಲ್ಲ.

ಈಗ ಉಸ್ಮಾನ ಚಾಚಾನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಎದುರಿಗೆ ಮಿಸ್ತ್ರಿಯವರ ಅಂಗಡಿ. ನಾನು ಬೆನ್ನು ಮಾಡಿ ಕೂಡುತ್ತೇನೆ.

ಮೊನ್ನೆ ಸೋಮವಾರ ಹಳ್ಳಿಯವರು ಸಿಲಿಂಡರ್ ಹೊತ್ತುಕೊಂಡು ಬಂದಿದ್ದರು. ನಾನು ವಾಶರ್ ಕೂರಿಸುತ್ತಿದ್ದೆ. ಮಾತು ನಿಂತಿತು ಎಂದು ತಲೆ ಎತ್ತಿ ನೋಡಿದರೆ ಮಿಸ್ತ್ರಿಯವರು ಬಂದು ನಿಂತಿದ್ದಾರೆ. ಈ ಅಂಗಡಿಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲಂತೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ನನ್ನ ಕೈಯನ್ನೇ ನೋಡುತ್ತಿದ್ದರು. ಬಹಳ ಸೊರಗಿದ್ದಾರೆ. ಮುಖದ ಮೇಲೆ ಸಿಟ್ಟು ಇರಲಿಲ್ಲ.

"ಚಲೋ ಕುಂದ್ರಸ್ತಿ" ಎಂದರು. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, "ಯಾರ್ ಕಲಿಸ್ಯಾರ ಬೇ ನಿನಗ ಇದನ್ನ?" ಎಂದರು.

ಹಳ್ಳಿಯವರೆಲ್ಲ ಅವರನ್ನು ಬಲ್ಲವರೇ. ಉತ್ತರ ಎಲ್ಲರಿಗೂ ಗೊತ್ತಿತ್ತು. ಅವರು ಅದನ್ನು ನನ್ನ ಬಾಯಿಂದ ಕೇಳಲು ರಸ್ತೆ ದಾಟಿ ಬಂದಿದ್ದರು. ಅದೊಂದು ಮಾತು ಸಿಕ್ಕಿದ್ದರೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರೋ ಏನೋ. ನಾನೂ ಹೋಗುತ್ತಿದ್ದೆನೋ ಏನೋ.

"ಉಸ್ಮಾನ ಚಾಚಾ ಕಲಿಸ್ಯಾರ್ರಿ" ಎಂದೆ.

ಚಾಚಾ ಗಾಬರಿಯಾಗಿ ಎದ್ದು, "ಇಲ್ರಿ ಮಿಸ್ತ್ರಿ, ತೋಬಾ, ಹುಡುಗಿ ಸಿಟ್ಟಿನ್ಯಾಗ..." ಎಂದರು. ನಾನು, "ಚಾಚಾ, ನೀವ ಕಲಿಸೀರಿ. ಬ್ಯಾರೆ ಯಾವ ಉಸ್ತಾದನೂ ನನಗಿಲ್ಲ" ಎಂದೆ. ಒಬ್ಬ ಹುಡುಗ ನಕ್ಕ. ಮಿಸ್ತ್ರಿಯವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು, ನಾನು ಮತ್ತೇನಾದರೂ ಹೇಳುತ್ತೇನೆಯೋ ಎಂದು. ಆಮೇಲೆ ತಿರುಗಿ ಹೋದರು. ಟ್ರಕ್ಕು ಬರುತ್ತಿರುವುದನ್ನೂ ನೋಡದೆ ರಸ್ತೆಗೆ ಇಳಿದರು. ಅದು ಕಿರ್ರೆಂದು ನಿಂತು, ಡ್ರೈವರ್ ಬಾಯಿಗೆ ಬಂದ ಹಾಗೆ ಬಯ್ದ. ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ಅವತ್ತಿನಿಂದ ಅಂಗಡಿ ತೆರೆದಿಲ್ಲ. ಚಾಚಿ ಕಳಿಸಿದ ಊಟ ಮುಟ್ಟದೆ ತಿರುಗಿ ಬರುತ್ತದೆ. ಒಳಗಿನಿಂದ ಕೆಮ್ಮು ಕೇಳಿಸುತ್ತದೆ, ಇದ್ದಾರೆ.

ಇದನ್ನು ಇಷ್ಟು ಉದ್ದ ಬರೆದದ್ದು ನಿಮಗೆ ಸಂತೋಷವಾಗಲಿ ಎಂದು. ನನಗೆ ಆಗಲಿಲ್ಲ. ನಿಮಗಾದರೂ ಆಯಿತೇ?

ನಿಂಬೆವ್ವ